ಹೇಳಿದಷ್ಟನ್ನೇ ಹೇಳುವ ಪೆಟ್ಟಿಗೆ

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಂಟರ್‌ನೆಟ್ಟಿನಲ್ಲಿ ‘ಎರಡು ದಿನದ ಕೆಲಸ’ ಎಂದು ಬರೆದಿರುವ ಯಾವುದನ್ನೂ ನಂಬಬೇಡಿ. ಗಿಟಾರಿನ ಸ್ಪೀಕರ್ ಪೆಟ್ಟಿಗೆಯನ್ನು ಮನೆಯಲ್ಲೇ ಮಾಡಿಕೊಳ್ಳಬಹುದು, ಶನಿವಾರ ಶುರುಮಾಡಿದರೆ ಭಾನುವಾರ ಸಂಜೆ ನುಡಿಸಬಹುದು ಅಂತ ಯಾವನೋ ಪುಣ್ಯಾತ್ಮ ಬರೆದಿದ್ದ. ನಾನು ಸಂಕ್ರಾಂತಿ ಕಳೆದ ಮೇಲೆ ಶುರುಮಾಡಿದೆ. ಮುಗಿದಾಗ ಮಾವಿನಹಣ್ಣಿನ ಕಾಲವೇ ಮುಗಿಯುತ್ತಾ ಬಂದಿತ್ತು. ಆ ಪುಣ್ಯಾತ್ಮನ ಮನೆಯಲ್ಲಿ ಕರೆಂಟು ಹೋಗುವುದಿಲ್ಲವೇನೋ, ಅವನ ಊರಿನ ಕಾರ್ಪೆಂಟರ್ ಹೇಳಿದ ದಿನಕ್ಕೆ ಬರುತ್ತಾನೇನೋ, ಅವನಿಗೆ ಸೋದರಮಾವ ಇಲ್ಲವೇನೋ. ನನಗೆ ಈ ಮೂರು ಗೋಳೂ ಇದ್ದವು.

ನನ್ನದು ಚನ್ನಪಟ್ಟಣದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳ ಹಳೆ ತಂತಿ ಬಿಚ್ಚಿ ಹೊಸ ತಾಮ್ರದ ತಂತಿ ಸುತ್ತುವುದು ಕಸುಬು. ಹೊಂಗನೂರು ಕಡೆಯವರು ಮೋಟಾರನ್ನು ಆಟೋದಲ್ಲಿ ಹಾಕಿಕೊಂಡು ಬಂದು, ಹಿಪ್ಪುನೇರಳೆ ಒಣಗ್ತಾ ಐತೆ, ಹುಳಕ್ಕೆ ಸೊಪ್ಪಿಲ್ಲ, ಇವತ್ತೇ ಆಗ್ಬೇಕು ಅಂತ ಬಾಗಿಲಲ್ಲೇ ಕೂತುಬಿಡುತ್ತಾರೆ. ಊರೆಲ್ಲ ನನ್ನನ್ನು ಮೋಟ್ರಪ್ಪ ಅಂತಲೇ ಕರೆಯುವುದು. ಬೇಜಾರಿಲ್ಲ, ಹೊಟ್ಟೆ ತುಂಬಿಸುವ ಹೆಸರು. ಆದರೆ ಇಪ್ಪತ್ತು ವರ್ಷಕ್ಕೂ ಮೇಲಿನಿಂದ ನಾನು ರಾಮನಗರದ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೇನೆ. ಮಾಗಡಿ, ಕನಕಪುರ, ಸೋಲೂರು, ಎಲ್ಲಿ ಮದುವೆ ರಿಸೆಪ್ಷನ್ ಇದ್ದರೂ ಅಲ್ಲಿ, ವರನ ಹಿಂದೆ ಹದಿನೈದು ಅಡಿ ದೂರದಲ್ಲಿ, ಹೊಳೆಯುವ ಅಂಗಿ ಹಾಕಿಕೊಂಡು ನಿಂತಿರುವವನು ನಾನೇ. ಆ ಮೂರು ಗಂಟೆ ನಾನು ಮೋಟ್ರಪ್ಪ ಅಲ್ಲ. ಅಷ್ಟನ್ನು ಉಳಿಸಿಕೊಳ್ಳುವುದಕ್ಕೇ ಈ ಎಲ್ಲ ರಾಮಾಯಣ.

ಮೊದಲು ನನ್ನ ಹತ್ತಿರ ಹಳೆಯ ಕಾಲದ ಆಂಪ್ಲಿಫೈಯರ್ ಇತ್ತು. ಒಂದು ಮೂಟೆ ಅಕ್ಕಿಯಷ್ಟು ಭಾರ. ಸೋಲೂರಿನ ಒಂದು ಛತ್ರದ ಮೆಟ್ಟಿಲು ಹತ್ತಿಸುವಾಗ ಸೊಂಟ ಕಳಕ್ ಅಂದಿತು. ಹದಿನೈದು ದಿನ ಚಾಪೆ ಮೇಲೆ ಮಲಗಿ ಸೂರು ನೋಡಿದೆ. ಇನ್ನೊಂದು ಸಲ ಭಾರ ಎತ್ತಿದರೆ ನನ್ನ ಹತ್ತಿರ ಬರಲೇಬೇಡಿ ಅಂತ ಡಾಕ್ಟರು ಬೈದರು. ಅದನ್ನು ಮಾರಿ ಮಾಡೆಲರ್ ಅನ್ನುವ ಯಂತ್ರ ತಂದೆ. ಊಟದ ತಟ್ಟೆಯಷ್ಟಗಲ ಇರುತ್ತದೆ, ಕಾಲಡಿ ಇಟ್ಟುಕೊಳ್ಳುವುದು. ಜಗತ್ತಿನ ಹೆಸರಾದ ಆಂಪ್ಲಿಫೈಯರುಗಳ ದನಿಯನ್ನೆಲ್ಲ ಅದು ಅನುಕರಿಸುತ್ತದೆ, ಅವುಗಳ ಸ್ಪೀಕರಿನ ದನಿಯನ್ನೂ ಸೇರಿಸಿ. ಆದರೆ ಅದಕ್ಕೆ ಸ್ವಂತ ಬಾಯಿಲ್ಲ. ಬಾಯಿ ನಾವು ಕೊಡಬೇಕು. ಮಾಮೂಲಿ ಗಿಟಾರ್ ಸ್ಪೀಕರಿಗೆ ಜೋಡಿಸಿದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗಾಗುತ್ತದೆ. ಮೈಕ್‌ಸೆಟ್‌ನವರ ಡಬ್ಬಗಳಿಗೆ ಜೋಡಿಸಿದರೆ ಗಿಟಾರೂ ಒಂದೇ, ತಮಟೆಯೂ ಒಂದೇ. ಅದಕ್ಕೆ ಬೇಕಾದದ್ದು ಫುಲ್ ರೇಂಜ್ ಪೆಟ್ಟಿಗೆ. ಅಂದರೆ ಕೆಳಗಿನ ದನಿಯಿಂದ ಮೇಲಿನ ದನಿಯವರೆಗೆ ಏರುಪೇರಿಲ್ಲದೆ, ಹೇಳಿದಷ್ಟನ್ನೇ ಹೇಳುವ, ಉಪ್ಪು ಖಾರ ಹಚ್ಚದ ಪೆಟ್ಟಿಗೆ. ಅಂಥ ಮನುಷ್ಯರೇ ನಮ್ಮ ಕಡೆ ಸಿಗುವುದು ಕಷ್ಟ, ಪೆಟ್ಟಿಗೆ ಎಲ್ಲಿಂದ ಸಿಗಬೇಕು. ಸಿದ್ಧ ಪೆಟ್ಟಿಗೆಯ ಬೆಲೆ ಕೇಳಿ ತೆಪ್ಪಗೆ ಫೋನ್ ಇಟ್ಟೆ. ನಾನೇ ಮಾಡುತ್ತೇನೆ ಅಂತ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಸ್ಪೀಕರನ್ನು ಬೆಂಗಳೂರಿನಿಂದ ತಂದೆ. ಹನ್ನೆರಡು ಇಂಚಿನದು, ಅದುರುವ ದೊಡ್ಡ ಕಾಗದದ ಕೋನಿನ ನಡುವೆಯೇ ಕೀರಲು ದನಿಗೆ ಇನ್ನೊಂದು ಚಿಕ್ಕದನ್ನು ಕೂರಿಸಿರುವಂಥದ್ದು. ಅದನ್ನು ಓಡಿಸುವ ಬೋರ್ಡನ್ನು ನಾನೇ ಜೋಡಿಸಿದೆ. ತಂತಿ, ಬೆಸುಗೆ, ಅದೆಲ್ಲ ನನಗೆ ನೀರು ಕುಡಿದಷ್ಟು ಸುಲಭ. ಮರದ ಕೆಲಸ ಬಂದಾಗ ಗ್ರಹಚಾರ ಶುರುವಾಯಿತು. ರಾಮನಗರದಲ್ಲಿ ಪ್ಲೈವುಡ್ ಕುಯ್ಯಿಸಲು ಮೂರು ಸಲ ಹೋದೆ. ಮೊದಲ ಸಲ ಕರೆಂಟಿರಲಿಲ್ಲ. ಎರಡನೇ ಸಲ ಕಾರ್ಪೆಂಟರ್ ಇರಲಿಲ್ಲ. ಮೂರನೇ ಸಲ ಎರಡೂ ಇದ್ದವು, ನಾನು ಕೊಟ್ಟಿದ್ದ ಅಳತೆಯ ಚೀಟಿ ಇರಲಿಲ್ಲ. ಹೋಗ್ಲಿ ಬುಡಿ ಸಾ, ಟೀವಿ ಸ್ಟ್ಯಾಂಡ್ ಅಳತೇಲಿ ಕುಯ್ದುಕೊಡ್ತೀನಿ, ಎಲ್ರೂ ಅದನ್ನೇ ತಗೊಂಡೋಗೋದು ಅಂದ ಆ ಮನುಷ್ಯ. ಕೋಪ ನೆತ್ತಿಗೇರಿತು. ಇಡೀ ಹಲಗೆಯನ್ನು ಆಟೋ ಮೇಲೆ ಕಟ್ಟಿಸಿಕೊಂಡು ವಾಪಸ್ ಬಂದು, ಮನೆಯ ಜಗಲಿಗೆ ಒರಗಿಸಿ, ಯಾರ್ಯಾರಿಗೆ ಬೈಯಬೇಕೋ ಅವರಿಗೆಲ್ಲ ಬೈದೆ.

ಜಗಲಿಯ ಮೇಲೆ ನನ್ನ ಮಾವ ಕೂತಿದ್ದರು. ನನ್ನ ತಾಯಿಯ ತಮ್ಮ, ಅವರ ಮಗಳನ್ನೇ ನಾನು ಮದುವೆಯಾಗಿರುವುದು. ಆದ್ದರಿಂದ ಎರಡು ಕಡೆಯಿಂದಲೂ ಮಾವ. ಐವತ್ತು ವರ್ಷ ಇದೇ ಊರಿನಲ್ಲಿ ಲೇತ್ ಮುಂದೆ ಕೂತು ಬಣ್ಣದ ಆಟಿಕೆ ಕಡೆದವರು. ಬುಗುರಿ, ಗಿಲಕಿ, ಕೂಸುಗಳ ಕೈಗೆ ಕೊಡುವ ಗುಂಡುಗಳು. ಲೇತಿನ ಮೊರೆತಕ್ಕೋ ವಯಸ್ಸಿಗೋ ಕಿವಿ ಮುಕ್ಕಾಲು ಪಾಲು ಹೋಯಿತು. ಕರೆದರೆ ಓಗೊಡುವುದಿಲ್ಲ, ಮಿಷನ್ ಪಕ್ಕ ಅಪಾಯ ಅಂತ ಎರಡು ವರ್ಷದ ಹಿಂದೆ ಕಾರ್ಖಾನೆಯವರು ಸಾಕು ಅಂದರು. ಅಂದಿನಿಂದ ನಮ್ಮ ಮನೆಯಲ್ಲೇ ಇದ್ದಾರೆ. ಹಿತ್ತಲಿನ ಶೆಡ್ಡಿನಲ್ಲಿ ಅವರದೊಂದು ಸಣ್ಣ ಲೇತ್ ಇದೆ, ಅದರ ಮೋಟಾರ್ ಕಟ್ಟಿದವನು ನಾನೇ. ಆದರೆ ಅದಕ್ಕೆ ಹೊದಿಸಿದ್ದ ಗೋಣಿಚೀಲವನ್ನು ಅವರು ತೆಗೆದೇ ಇರಲಿಲ್ಲ. ಅವತ್ತು ನನ್ನ ಬಾಯಿ ಆಡುತ್ತಿದ್ದ ರೀತಿ ನೋಡಿಯೇ ಅವರಿಗೆ ವಿಷಯ ತಿಳಿಯಿತು ಅಂತ ಕಾಣುತ್ತದೆ.

“ಅದೇನ್ಲಾ ಅದು, ಇತ್ಲಾಗ್ ಕೊಡು, ನಾ ಮಾಡ್ಕೊಡ್ತೀನಿ” ಅಂದರು.

ನನಗೆ ಬೇಡ ಅನ್ನಲು ಆಗಲಿಲ್ಲ. ಎರಡು ವರ್ಷದ ಮೇಲೆ ಅವರು ಏನನ್ನಾದರೂ ಕೇಳಿ ತೆಗೆದುಕೊಂಡದ್ದು ಅದೇ ಮೊದಲು. ನಕ್ಷೆ ಬಿಡಿಸಿ ಕೊಟ್ಟೆ. ಎರಡು ವಿಷಯ ಮಾತ್ರ ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹೇಳಿದೆ. ಒಂದು, ಭಾರ ಆಗಬಾರದು, ನನ್ನ ಸೊಂಟ ಹೋಗಿದೆ. ಎರಡು, ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ಆಸರೆಯಾಗಿ ಒಂದು ಊರೆ ಕೊಡಬೇಕು, ಇಲ್ಲದಿದ್ದರೆ ಹಲಗೆಗಳು ಅದುರುತ್ತವೆ. ಆಯ್ತು ಕಣ್ಲಾ, ಕೂಗ್ಬೇಡ, ಅರ್ಥ ಆಯ್ತದೆ ಅಂದರು. ಕೂಗದಿದ್ದರೆ ಅವರಿಗೆ ಕೇಳುವುದಿಲ್ಲ, ಕೂಗಿದರೆ ಕೂಗಬೇಡ ಅನ್ನುತ್ತಾರೆ. ಇವರ ಜೊತೆ ಬಾಳುವುದು ಹೀಗೆ.

ಜೀವಮಾನವೆಲ್ಲ ದುಂಡಗಿನದನ್ನೇ ಕಡೆದ ಮನುಷ್ಯ ಚೌಕದ ಪೆಟ್ಟಿಗೆ ಮಾಡಿದರೆ ಏನಾಗುತ್ತದೆ ಎಂದು ನಾನು ಮೊದಲೇ ಯೋಚಿಸಬೇಕಿತ್ತು. ಒಂದೊಂದು ಅಂಚನ್ನೂ ಬೆಣ್ಣೆಯ ಹಾಗೆ ನಯ ಮಾಡಿದರು. ಅಷ್ಟು ಬೇಡ ಮಾವ ಅಂದರೆ, ಮೂಲೆ ತಾಗಿ ಮಕ್ಕಳಿಗೆ ಗಾಯ ಆದ್ರೆ ಅಂದರು. ಇದು ಮಕ್ಕಳಾಟಿಕೆಯಲ್ಲ ಅಂತ ನಾನು, ಮನೇಲಿ ಇಟ್ಮೇಲೆ ಮಕ್ಕಳು ಬರ್ದೆ ಇರ್ತವಾ ಅಂತ ಅವರು. ಸ್ಕ್ರೂ ಹೊಡೆಯುವುದಿಲ್ಲ ಅಂತ ಹಟ ಹಿಡಿದರು. ಆಟಿಕೆಗೆ ಕಬ್ಬಿಣ ತಾಗಿಸಬಾರದಂತೆ, ಮಗು ಬಾಯಿಗೆ ಹಾಕಿಕೊಳ್ಳುತ್ತದಂತೆ. ಈ ಪೆಟ್ಟಿಗೆಯನ್ನು ಬಾಯಿಗೆ ಹಾಕಿಕೊಳ್ಳುವ ಮಗು ಯಾವ ಊರಲ್ಲಿ ಹುಟ್ಟಿದೆಯೋ ನನಗೆ ಗೊತ್ತಿಲ್ಲ. ಎಲ್ಲ ಕಡೆಗೂ ಮರದ ಗೂಟ, ಅಂಟು. ಸ್ಪೀಕರ್ ಕೂರಿಸುವುದಕ್ಕೆ ಮಾತ್ರ ನಾನು ಜಗಳವಾಡಿ ಎಂಟು ಸ್ಕ್ರೂ ಗಿಟ್ಟಿಸಿಕೊಂಡೆ. ಹಿಂದಿನ ಹಲಗೆಯನ್ನು ಬಿಚ್ಚುವ ಹಾಗೆ ಬಿಡಿ ಅಂದಿದ್ದೆ. ಒಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬರುವಷ್ಟರಲ್ಲಿ ಅದನ್ನೂ ಅಂಟು ಹಾಕಿ ಮುಚ್ಚಿ, ಮೇಲೆ ರುಬ್ಬುಗುಂಡು ಹೇರಿಟ್ಟಿದ್ದರು.

ಇನ್ನು ಊರೆ. ನಾನು ಬರೆದುಕೊಟ್ಟದ್ದು ಚೌಕದ ಒಂದು ರೀಪು. ಅವರು ಲೇತಿನ ಗೋಣಿಚೀಲ ತೆಗೆದು, ಆಟಿಕೆಗೆ ಬಳಸುವ ಹಾಲೆ ಮರ ತರಿಸಿ, ತೊಟ್ಟಿಲ ಕಾಲಿನಂತೆ ನಡುವೆ ಉಬ್ಬಿಸಿ ಕಡೆದು, ಕೆಂಪು ಹಳದಿ ಅರಗು ಬಳಿದು, ಮಿರಮಿರ ಮಿಂಚುವ ಕಂಬವನ್ನೇ ಒಳಗೆ ನಿಲ್ಲಿಸಿದ್ದರು. ಸ್ಪೀಕರಿನ ತೂತಿನಿಂದ ಇಣುಕಿ ನೋಡಿದವನಿಗೆ ತಲೆ ಕೆಟ್ಟುಹೋಯಿತು.

“ಒಳಗಿರೋದಕ್ಕೆ ಬಣ್ಣ ಯಾಕೆ ಮಾವ? ಯಾರು ನೋಡ್ತಾರೆ?”

“ಯಾರೂ ನೋಡಲ್ಲ ಅಂತ ಬೆತ್ಲೆ ಬುಡಕ್ಕಾಯ್ತದಾ” ಅಂದರು.

ಸರಿ ಅಂತ ಸುಮ್ಮನಾದೆ. ಒಳಗೆಲ್ಲ ಹತ್ತಿಯಂಥ ಮೆತ್ತೆ ಹಾಸಿದೆ, ಸ್ಪೀಕರ್ ಕೂರಿಸಿದೆ, ತಂತಿ ಎಳೆದೆ. ಒಂದು ಭಾನುವಾರ ಬೆಳಿಗ್ಗೆ ಹಜಾರದಲ್ಲಿಟ್ಟು ಗಿಟಾರ್ ಜೋಡಿಸಿದೆ. ಏನು ಸುಳ್ಳು ಹೇಳಲಿ, ಮೇಲಿನ ತಂತಿಗಳು ನುಡಿದಾಗ ನನ್ನ ಕಣ್ಣಲ್ಲಿ ನೀರು ಬಂತು. ಇಪ್ಪತ್ತು ವರ್ಷದಲ್ಲಿ ನನ್ನ ಬೆರಳು ಏನು ಮಾಡುತ್ತಿದೆ ಅಂತ ನನಗೇ ಅಷ್ಟು ಸ್ಪಷ್ಟವಾಗಿ ಕೇಳಿರಲಿಲ್ಲ. ಮಾವ ಪಕ್ಕದಲ್ಲೇ ನೆಲದ ಮೇಲೆ ಕೂತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡಿದ್ದರು. ಆಮೇಲೆ ಎಲ್ಲಕ್ಕಿಂತ ಕೆಳಗಿನ ದನಿಯ ದಪ್ಪ ತಂತಿ, ಆರನೆಯದನ್ನು, ಬಾರಿಸಿದೆ. ಜುರ್ ಅಂದಿತು. ಇನ್ನೊಮ್ಮೆ ಬಾರಿಸಿದೆ. ಜುರ್. ಮಾವ ಮಾತ್ರ ಮುಖ ಅರಳಿಸಿಕೊಂಡು ತಲೆದೂಗಿದರು.

“ಐತೆ, ಐತೆ” ಅಂದರು.

ತಮ್ಮ ಮರಗೆಲಸವನ್ನು ತಾವೇ ಹೊಗಳಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಮೈಯೆಲ್ಲ ಉರಿಯಿತು.

ಅಲ್ಲಿಂದ ಮುಂದಿನ ಎರಡು ತಿಂಗಳು ನಾನು ಆ ಜುರ್ ಅನ್ನು ಹುಡುಕಿದೆ. ಎಂಟು ಸ್ಕ್ರೂಗಳನ್ನೂ ಬಿಗಿಮಾಡಿದೆ. ಜುರ್. ತಂತಿ ಎಲ್ಲೋ ಕೋನಿಗೆ ತಾಗುತ್ತಿದೆ ಅಂತ ಬೇರೆ ದಾರಿಯಲ್ಲಿ ಎಳೆದು ಕಟ್ಟಿದೆ. ಜುರ್. ಇಂಟರ್‌ನೆಟ್ಟಿನ ಗುಂಪೊಂದರಲ್ಲಿ ಕೇಳಿದರೆ ಗಾಳಿ ಸೋರುತ್ತಿರಬೇಕು ಅಂತ ಒಬ್ಬ, ನಿಮ್ಮ ಮನೆಯ ಕಿಟಕಿ ಗಾಜು ನೋಡಿ ಅಂತ ಇನ್ನೊಬ್ಬ, ಈ ಗೋಳೇ ಬೇಡ ಅಂತ ನಾನು ಸಿದ್ಧ ಪೆಟ್ಟಿಗೆ ಕೊಂಡೆ ಅಂತ ಮತ್ತೊಬ್ಬ. ಸಂದಿಗೊಂದಿಗೆಲ್ಲ ಅಂಟು ಮೆತ್ತಿದೆ. ಕಿಟಕಿಗೆ ಹಳೇ ಪಂಚೆ ತುರುಕಿದೆ. ಹಜಾರದ ಷೋಕೇಸಿನಲ್ಲಿದ್ದ ಸ್ಟೀಲ್ ಲೋಟಗಳನ್ನೆಲ್ಲ ಕೆಳಗಿಳಿಸಿದೆ, ಅವನ್ನು ಮತ್ತೆ ಜೋಡಿಸಿಟ್ಟವಳು ನನ್ನ ಹೆಂಡತಿ, ಅವಳು ಏನಂದಳು ಅಂತ ಇಲ್ಲಿ ಬರೆಯುವುದಿಲ್ಲ. ಪೆಟ್ಟಿಗೆಯನ್ನು ಎತ್ತಿ ಓರೆ ಮಾಡಿದರೆ ಒಳಗೆ ಸಳಸಳ ಅಂದ ಹಾಗಾಗುತ್ತಿತ್ತು. ಯಾವುದೋ ಸ್ಕ್ರೂ ಬಿದ್ದಿದೆ ಅಂತ ಸ್ಪೀಕರ್ ಬಿಚ್ಚಿ, ಮೆತ್ತೆ ತೆಗೆದು, ಟಾರ್ಚ್ ಬಿಟ್ಟು ನೋಡಿದೆ. ಏನೂ ಇಲ್ಲ. ನಡುವೆ ಆ ಕೆಂಪು ಹಳದಿ ಕಂಬ ಮದುವಣಗಿತ್ತಿಯ ಹಾಗೆ ನಿಂತಿತ್ತು. ಅದಕ್ಕೂ ಒಂದು ಬೈದು ಮತ್ತೆ ಮುಚ್ಚಿದೆ.

ಕೊನೆಗೆ ಸ್ಪೀಕರೇ ಕೆಟ್ಟದ್ದು ಅಂತ ತೀರ್ಮಾನಿಸಿ, ಬಿಚ್ಚಿ, ಟವೆಲಿನಲ್ಲಿ ಸುತ್ತಿ, ಬೆಂಗಳೂರು ಬಸ್ಸಿನಲ್ಲಿ ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಹೋದೆ. ಅಂಗಡಿಯವನು ತನ್ನ ಡಬ್ಬಕ್ಕೆ ಹಾಕಿ ನುಡಿಸಿದ. ಜೇನಿನಂಥ ದನಿ. ಒಂದು ಚೂರು ಜುರ್ ಇಲ್ಲ.

“ಸಾರ್, ಸ್ಪೀಕರ್ ಚೆನ್ನಾಗಿದೆ. ಒಂದ್ಸಲ ಕಿವಿ ತೋರಿಸ್ಕೊಳ್ಳಿ” ಅಂದ.

ವಾಪಸ್ ಬರುವಾಗ ಬಿಡದಿಯವರೆಗೂ ನಿಂತೇ ಬಂದೆ.

ಇದರ ನಡುವೆ ಆರ್ಕೆಸ್ಟ್ರಾದ ಯಜಮಾನನಿಗೆ ಸುದ್ದಿ ಮುಟ್ಟಿತ್ತು. ಅವನೂ ನಾನೂ ಒಟ್ಟಿಗೆ ಶುರುಮಾಡಿದವರು. ಅವನು ಹಾಡುತ್ತಾನೆ, ತಂಡ ಅವನದು. ರಾಮನಗರದಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಪ್ರಾಕ್ಟೀಸ್. ಹೊಸ ಪೆಟ್ಟಿಗೆ ತೆಗೆದುಕೊಂಡು ಹೋದ ದಿನ ನಯವಾದ ಅಂಚು, ಮಾವ ಅರಗು ಬಳಿದಿದ್ದ ಹಿಡಿಕೆ ಎಲ್ಲ ನೋಡಿ, ಇದೇನ್ಲಾ ತೊಟ್ಲಾ ಅಂತ ಡ್ರಮ್ಸ್‌ನವನು ನಕ್ಕ. ಅದನ್ನು ಸಹಿಸಿದೆ. ಹಾಡು ಶುರುವಾಯಿತು. ಆರನೇ ತಂತಿಗೆ ಬೆರಳು ಹೋದಾಗಲೆಲ್ಲ ಜುರ್, ಜುರ್. ಯಜಮಾನ ಹಾಡು ನಿಲ್ಲಿಸಿದ.

“ಒಳಗೇನ್ಲಾ, ಜೀರುಂಡೆ ಸಾಕಿದ್ದೀಯಾ?”

“ಸರಿ ಮಾಡ್ತೀನಿ” ಅಂದೆ.

“ಎರಡು ತಿಂಗ್ಳಿಂದ ಇದನ್ನೇ ಹೇಳ್ತಾ ಇದ್ದೀಯ. ನೋಡು, ಬರೋ ಭಾನುವಾರ ಕನಕಪುರದಲ್ಲಿ ದೊಡ್ಡ ರಿಸೆಪ್ಷನ್ ಐತೆ. ಅಲ್ಲೂ ಇಂಗೇ ಆದ್ರೆ ನಾನು ಗಿಟಾರನ್ನ ಕೀಬೋರ್ಡಲ್ಲೇ ಹಾಕಿಸ್ತೀನಿ. ಒಂದು ಬಟನ್ ಅಷ್ಟೆ. ಬೇಜಾರು ಮಾಡ್ಕಬ್ಯಾಡ, ಎಲ್ಲಾ ತಂಡದಲ್ಲೂ ಈಗ ಅದೇ ನಡೀತಿರೋದು.”

ಬೇಜಾರು ಮಾಡಿಕೊಳ್ಳಬೇಡವಂತೆ. ಇಪ್ಪತ್ತು ವರ್ಷದ ಬೆರಳುಗಳು ಒಂದು ಬಟನ್ನಿಗೆ ಸಮ. ಬೈಯೋಣವೆಂದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೀಬೋರ್ಡಿನವನು ಆ ಬಟನ್ ಒತ್ತಿ ತೋರಿಸಲಿಲ್ಲ, ಮರ್ಯಾದಸ್ಥ, ತಲೆ ತಗ್ಗಿಸಿ ಕೂತ. ಆ ಭಾನುವಾರ ಹೋದರೆ ನಾನು ಉಳಿದ ಜೀವಮಾನವೆಲ್ಲ ಬರೀ ಮೋಟ್ರಪ್ಪ. ಅದು ನನಗೆ ಮೆಟ್ಟಿಲಿಳಿಯುವಾಗ ಚೆನ್ನಾಗಿ ಅರ್ಥವಾಯಿತು.

ಶುಕ್ರವಾರ ಅಂಗಡಿಗೆ ಬೀಗ ಹಾಕಿದೆ. ಹೊಂಗನೂರಿನವರೊಬ್ಬರು ಫೋನ್ ಮಾಡಿ, ಮೋಟ್ರು ಆಯ್ತೇನಪ್ಪ ಅಂದರೆ, ಮೈ ಹುಷಾರಿಲ್ಲ ಅಂತ ಸುಳ್ಳು ಹೇಳಿದೆ. ಹಜಾರದಲ್ಲಿ ಪೆಟ್ಟಿಗೆ ಬಿಚ್ಚಿ ಹರಡಿಕೊಂಡು, ಮೆತ್ತೆಯ ಚೂರೆಲ್ಲ ಮೀಸೆಗೆ ಅಂಟಿಸಿಕೊಂಡು, ಪ್ಲೈವುಡ್ಡಿನವನಿಂದ ಹಿಡಿದು ಇಂಟರ್‌ನೆಟ್ಟಿನ ಪುಣ್ಯಾತ್ಮನವರೆಗೆ ಎಲ್ಲರಿಗೂ ಸಹಸ್ರನಾಮ ಮಾಡುತ್ತಿದ್ದೆ. ಹೆಂಡತಿ ಅಡುಗೆಮನೆಯಲ್ಲಿ ರಾಗಿ ಮುದ್ದೆ ತಿರುವುತ್ತಿದ್ದಳು.

“ಒಂದು ಮಾತು ಅಪ್ಪನ್ನ ಕೇಳಬಾರದಾ? ಮಾಡಿದೋರು ಅವರೇ ಅಲ್ವಾ” ಅಂದಳು.

“ನಾನು ಹುಡುಕ್ತಿರೋದು ಸದ್ದನ್ನ. ಅವರಿಗೇನು ಕೇಳುತ್ತೆ?”

ಮುದ್ದೆ ತಿರುವುವ ಸದ್ದು ನಿಂತಿತು. ಅವಳು ಕೈ ತೊಳೆದುಕೊಂಡು ಹೋಗಿ ಜಗಲಿಯಿಂದ ತಂದೆಯ ತೋಳು ಹಿಡಿದು ಕರೆದುಕೊಂಡು ಬಂದಳು. ಆ ಮಾತು ಆಡಬಾರದಿತ್ತು. ಬಾಯಿಂದ ಬಿದ್ದ ಮೇಲೆ ಗೊತ್ತಾಗುವುದು ನನಗೆ, ಯಾವಾಗಲೂ.

ಸ್ಪೀಕರನ್ನು ಮತ್ತೆ ಕೂರಿಸಿ ತಂತಿ ಜೋಡಿಸಿದೆ. ಹೆಂಡತಿ ಮಾವನ ಕಿವಿಯಲ್ಲಿ, ಒಳಗೆ ಏನೋ ಜುರ್ ಅಂತೈತೆ, ಎಲ್ಲಿ ನೋಡಪ್ಪ ಅಂತ ಕೂಗಿದಳು. ಮಾವ ನೆಲದ ಮೇಲೆ ಕೂತು ಅಂಗೈಯನ್ನು ಪೆಟ್ಟಿಗೆಯ ಪಕ್ಕಕ್ಕೆ ಇಟ್ಟರು. ದಪ್ಪದ್ದು ಬಾರ್ಸು ಅಂದರು. ಬಾರಿಸಿದೆ. ಕೈಯನ್ನು ಒಂದೊಂದೇ ಗೇಣು ಸರಿಸುತ್ತ ಹಿಂದಿನ ಹಲಗೆಗೆ ಬಂದು, ನಟ್ಟನಡುವೆ ನಿಲ್ಲಿಸಿದರು. ನಾನು ಎರಡು ತಿಂಗಳು ಹುಡುಕಿದ್ದನ್ನು ಅವರು ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ.

“ಇಲ್ಲಿ. ಕಂಬದೊಳ್ಗೆ. ಇದು ನಾ ಹಾಕಿದ್ದೇ ಕಣ್ಲಾ, ಹುರುಳಿ ಕಾಳು.”

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಒಂದೊಂದಾಗಿ ಹೊರಬಂತು. ಭಾರ ಆಗಬಾರದು ಅಂತ ನಾನು ಕೂಗಿದ್ದೆನಲ್ಲ, ಅದಕ್ಕೆ ಕಂಬದ ಹೊಟ್ಟೆಯನ್ನು ಕೊರೆದು ಪೊಳ್ಳು ಮಾಡಿದ್ದರು. ಪೊಳ್ಳು ಮಾಡಿದ ಮೇಲೆ ಅದನ್ನು ಖಾಲಿ ಮುಚ್ಚುವುದು ಹೇಗೆ. ಬರಿದಾದ ಪಾತ್ರೆಯನ್ನು ಯಾರ ಕೈಗೂ ಕೊಡಬಾರದು, ಪಕ್ಕದ ಮನೆಯ ಡಬ್ಬ ವಾಪಸ್ ಕೊಡುವಾಗಲೂ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು. ಇದು ನಮ್ಮ ಮನೆಯಲ್ಲಿ ಹುಟ್ಟಿದ ಎಲ್ಲರಿಗೂ ಗೊತ್ತು. ಐವತ್ತು ವರ್ಷ ಗಿಲಕಿ ಮಾಡಿದ ಕೈ ಪೊಳ್ಳು ಮರವನ್ನು ಕಾಳು ಹಾಕದೆ ಮುಚ್ಚಿದ್ದೇ ಇಲ್ಲ. ಒಂಬತ್ತು ಕಾಳು ಎಣಿಸಿ ಹಾಕಿ, ಮರದ ಬಿರಡೆ ಜಡಿದು, ಮೇಲೆ ಅರಗು ಬಳಿದು ನಯ ಮಾಡಿದ್ದರು. ಹೇಳಿದಷ್ಟನ್ನೇ ಹೇಳಬೇಕಾದ ಪೆಟ್ಟಿಗೆಯ ನಡುವೆ ನನ್ನ ಮಾವ ಒಂದು ಗಿಲಕಿ ಕೂರಿಸಿದ್ದರು.

“ಯಾಕೆ ಮಾವ ಒಂದು ಮಾತು ಹೇಳ್ಲಿಲ್ಲ? ನಾನು ಹುಚ್ಚನ ಥರ ಅಲೀತಾ ಇದ್ದೀನಿ” ಅಂತ ಕಿರುಚಿದೆ. ಅಷ್ಟು ಜೋರಾಗಿ ಕಿರುಚಿದ್ದು ಅವರಿಗೆ ಕೇಳಿಸಲಿ ಅಂತಲ್ಲ. ಅದು ಅವರಿಗೂ ಗೊತ್ತಾಯಿತು.

“ನೀ ಕೇಳ್ನಿಲ್ವಲ್ಲ. ಸದ್ದಿನ ಪೆಟ್ಗೆ ಅಂದೆ, ಸದ್ದು ಬತ್ತಾ ಐತೆ ಅಂದ್ಕಂಡೆ” ಅಂದರು.

ನಿಜವಾಗಿಯೂ ನಾನು ಕೇಳಿರಲಿಲ್ಲ. ಅವರನ್ನು ಬಿಟ್ಟು ಭೂಮಿ ಮೇಲಿರುವ ಎಲ್ಲರನ್ನೂ ಕೇಳಿದ್ದೆ.

ಸ್ಪೀಕರ್ ಬಿಚ್ಚಿ ತೂತಿನೊಳಗೆ ಹ್ಯಾಕ್ಸಾ ಬ್ಲೇಡು ಹಿಡಿದ ಕೈಯನ್ನು ಭುಜದವರೆಗೂ ತೂರಿಸಿದೆ. ಮಾವ ಪಕ್ಕದಲ್ಲಿ ಬಗ್ಗಿ, ಅಂಚಲ್ಲಿ ಕುಯ್ಯಿ, ಹೊಟ್ಟೆ ಕುಯ್ಯಬ್ಯಾಡ ಅಂತ ಬೆರಳಿನಿಂದ ಜಾಗ ತೋರಿಸಿದರು. ಎರಡು ತುದಿ ಕುಯ್ದು ಕಂಬ ಹೊರಗೆಳೆದಾಗ ಅದು ಸಳಸಳ ಅಂದಿತು. ಮೊಣಕೈಯೆಲ್ಲ ತರಚಿ ರಕ್ತ ಬಂದಿತ್ತು. ಮಾವ ಅದನ್ನು ಎತ್ತಿಕೊಂಡು, ಮರದ ಪುಡಿ ಒರೆಸಿ, ಜಗಲಿಗೆ ಹೋದರು.

ಶನಿವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಹಿತ್ತಲಿನಲ್ಲಿ ಲೇತ್ ತಿರುಗುತ್ತಿತ್ತು. ಕಾಫಿ ಕುಡಿಯುವ ಹೊತ್ತಿಗೆ ಹೊಸ ಕಂಬ ತಂದುಕೊಟ್ಟರು. ಗಟ್ಟಿ ಮರ, ಪೊಳ್ಳಿಲ್ಲ, ನಾನು ಬರೆದಿದ್ದ ಅಳತೆಗೆ ಸರಿಯಾಗಿತ್ತು. ಬಣ್ಣವಿರಲಿಲ್ಲ.

“ಅರಗು ಹಾಕ್ಲಿಲ್ವಾ ಮಾವ?”

“ಯಾರು ನೋಡ್ತಾರೆ” ಅಂದರು.

ನನ್ನ ಮಾತನ್ನೇ ನನಗೆ ವಾಪಸ್ ಕೊಟ್ಟರು. ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು, ಅದಕ್ಕೇ ಹೆಚ್ಚು ಚುಚ್ಚಿತು. ಕಂಬವನ್ನು ಅಂಟು ಹಚ್ಚಿ ಒಳಗೆ ಬಿಗಿ ಕೂರಿಸಿದೆ. ಸ್ಪೀಕರ್ ಮುಚ್ಚುವ ಮುಂಚೆ ಅವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಮೆತ್ತೆ ಐತೆ ಮಾವ, ಖಾಲಿ ಏನಲ್ಲ ಅಂತ ಕೂಗಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸಂಜೆಗೆ ಅಂಟು ಒಣಗಿತು. ಆರನೇ ತಂತಿ ಬಾರಿಸಿದೆ. ಜುರ್ ಇಲ್ಲ. ಇನ್ನೂ ನಾಲ್ಕು ಸಲ ಬಾರಿಸಿದೆ, ನಂಬಿಕೆ ಬರಲಿಲ್ಲ. ಹೆಂಡತಿ ಬಂದು, ಹೋಯ್ತಲ್ಲ, ಇನ್ನಾದ್ರೂ ಸ್ನಾನ ಮಾಡಿ ಅಂದಳು.

ಭಾನುವಾರ ಕನಕಪುರಕ್ಕೆ ಮಾವನನ್ನೂ ಕರೆದುಕೊಂಡು ಹೋಗಬೇಕೆಂದು ಅವಳೇ ಹಟ ಮಾಡಿದಳು. ಬಾಯಿ ಬಿಟ್ಟು ತಪ್ಪಾಯಿತು ಅನ್ನುವ ಅಭ್ಯಾಸ ನನಗಿಲ್ಲ ಅಂತ ಅವಳಿಗೆ ಗೊತ್ತು. ವೇದಿಕೆಯ ಹಿಂಭಾಗದಲ್ಲಿ, ನನ್ನ ಪೆಟ್ಟಿಗೆಯ ಪಕ್ಕ, ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆ. ಬಿಳಿ ಅಂಗಿ, ಹೊಸ ಟವೆಲು. ಕಾರ್ಯಕ್ರಮ ಶುರುವಾಯಿತು. ಅವತ್ತು ನಾನು ನುಡಿಸಿದ ಹಾಗೆ ಯಾವತ್ತೂ ನುಡಿಸಿಲ್ಲ, ಜಂಬವಲ್ಲ, ಕೇಳಿದವರು ಹೇಳಲಿ. ಪ್ರತಿ ತಂತಿಯೂ ಬಿಡಿಬಿಡಿಯಾಗಿ, ಹೇಳಿದಷ್ಟನ್ನೇ ಹೇಳುತ್ತ, ಛತ್ರದ ಕೊನೆಯ ಸಾಲಿನವರೆಗೂ ಹೋಯಿತು. ಮೂರನೇ ಹಾಡಿನಲ್ಲಿ ಯಜಮಾನ ಹಾಡುತ್ತಲೇ ಹಿಂದೆ ತಿರುಗಿ ನನ್ನನ್ನು ನೋಡಿ ಹುಬ್ಬು ಹಾರಿಸಿದ. ಮಾವ ಪೂರ್ತಿ ಹೊತ್ತು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡೇ ಕೂತಿದ್ದರು.

ಮುಗಿದ ಮೇಲೆ ಯಜಮಾನ ಬಂದು ಭುಜ ತಟ್ಟಿದ.

“ಕೀಬೋರ್ಡ್‌ನೋನಿಗೆ ಹೇಳಿವ್ನಿ, ಆ ಬಟನ್ ಮುಟ್ಟಬ್ಯಾಡ ಅಂತ. ಮುಂದಿನ ವಾರ ಮಾಗಡಿ, ಬಂದ್ಬುಡು.”

ಬತ್ತೀನಿ ಅಂದೆ. ಅಷ್ಟು ಸಾಕಾಗಿತ್ತು ನನಗೆ. ಊಟದ ಹಾಲಿನಲ್ಲಿ ಮಾವನ ಪಕ್ಕ ಎಲೆ ಮುಂದೆ ಕೂತೆ. ಮನಸ್ಸು ಹಗುರಾಗಿತ್ತು, ಅವರನ್ನೂ ಖುಷಿಪಡಿಸೋಣ ಅಂತ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ.

“ಹೆಂಗಿತ್ತು ಮಾವ ಪೆಟ್ಗೆ?”

“ಚೆಂದಾಗಿ ಅದುರ್ತಾ ಐತೆ” ಅಂದರು. ಹೋಳಿಗೆ ಮುರಿದು ತುಪ್ಪಕ್ಕೆ ಒತ್ತಿದರು. ದೂರು ಹೇಳುವ ದನಿಯಲ್ಲೇನೂ ಅಲ್ಲ, ಸುಮ್ಮನೆ ಅಂದರು: “ಮೊದ್ಲಾದ್ರೆ ನಂಗೂ ಒಸಿ ಕೇಳೋದು. ಈಗ ಇಲ್ಲ ಕಣ್ಲಾ.”

ಮೊದಲ ಸಲ ನುಡಿಸಿದ ಆ ಭಾನುವಾರ ಬೆಳಿಗ್ಗೆ ಹಜಾರದಲ್ಲಿ ಮುಖ ಅರಳಿಸಿಕೊಂಡು ಐತೆ, ಐತೆ ಅಂದದ್ದು ಮರಗೆಲಸದ ಹೊಗಳಿಕೆಯಾಗಿರಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಮನುಷ್ಯನಿಗೆ ಅಂಗೈಯಲ್ಲಿ ಏನೋ ಕೇಳಿತ್ತು. ಒಂಬತ್ತು ಕಾಳು ಕುಣಿಯುವುದು. ತಾವು ಜೀವಮಾನವೆಲ್ಲ ಮಾಡಿದ ಸದ್ದು. ಅದನ್ನು ನಾನು ಹ್ಯಾಕ್ಸಾ ಬ್ಲೇಡಿನಿಂದ ಕುಯ್ದು ಹೊರಗೆಳೆದಿದ್ದೆ, ಜಾಗ ತೋರಿಸಿದವರು ಅವರೇ. ಬರುವಾಗ ವ್ಯಾನಿನಲ್ಲಿ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಆ ಪ್ಲೈವುಡ್ಡಿನವನ ಮೇಲೂ ಬಂದಿರಲಿಲ್ಲ.

ಮಾರನೇ ದಿನ ಜಗಲಿಯ ಗೂಡಿನಲ್ಲಿದ್ದ ಆ ಕೆಂಪು ಹಳದಿ ಕಂಬದ ತುಂಡನ್ನು ತಂದೆ. ಅಂಗಡಿಯಿಂದ ಸೈಕಲ್ ಟ್ಯೂಬಿನ ಎರಡು ಪಟ್ಟಿ ಕತ್ತರಿಸಿ ತಂದು, ಅದನ್ನು ಪೆಟ್ಟಿಗೆಯ ನೆತ್ತಿಯ ಮೇಲೆ ಬಿಗಿದು ಕಟ್ಟಿದೆ. ಈಗ ದಿನಾ ಸಂಜೆ ಅಂಗಡಿ ಮುಚ್ಚಿ ಬಂದು ಕೈಕಾಲು ತೊಳೆದು ಪ್ರಾಕ್ಟೀಸಿಗೆ ಕೂರುತ್ತೇನೆ, ಮಾವ ಪೆಟ್ಟಿಗೆಯ ಪಕ್ಕ ಬಂದು ಕೂರುತ್ತಾರೆ. ಕಾರ್ಯಕ್ರಮಕ್ಕೆ ಹೋಗುವ ದಿನ ಟ್ಯೂಬು ಬಿಚ್ಚಿ ತುಂಡನ್ನು ಗೂಡಿಗೆ ಹಾಕುತ್ತೇನೆ, ವಾಪಸ್ ಬಂದ ಮೇಲೆ ಮತ್ತೆ ಕಟ್ಟುತ್ತೇನೆ. ಕಟ್ಟುವಾಗ ಪ್ರತಿಸಲವೂ ಸಿಟ್ಟು ಬರುತ್ತದೆ. ಅರ್ಧ ವರ್ಷ ತಲೆ ಕೆಡಿಸಿಕೊಂಡು, ಬೆಂಗಳೂರಿಗೆ ಅಲೆದು, ಮೊಣಕೈ ಹರಿದುಕೊಂಡು ಯಾವ ಜುರ್ ಅನ್ನು ತೆಗೆದೆನೋ ಅದನ್ನೇ ನನ್ನ ಕೈಯಾರೆ ಕಟ್ಟಿಕೊಂಡು ಕೂರುವವನು ಈ ನಾಲ್ಕು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು. ಮೇಲಿನ ತಂತಿಗಳಲ್ಲಿ ಏನೇನೋ ಕಸರತ್ತು ಮಾಡುತ್ತಿದ್ದರೆ ಮಾವನಿಗೆ ಅದು ಬೇಕಿಲ್ಲ.

“ಅದ್ಯಾಕ್ಲಾ ಮ್ಯಾಲ್ಮ್ಯಾಲೆ ಕೆರೀತೀಯ. ಒಸಿ ದಪ್ಪದ್ದು ಬಾರ್ಸು” ಅನ್ನುತ್ತಾರೆ.

ಆರನೇ ತಂತಿ ಬಾರಿಸುತ್ತೇನೆ. ಅವರು ಅಂಗೈ ಇಟ್ಟುಕೊಂಡು ಸ್ವಲ್ಪ ಕಾಯುತ್ತಾರೆ. “ಐತೆ” ಅನ್ನುತ್ತಾರೆ.